ಮನೇಲೇ ವೆನಿಲಾ ಸಾಸ್: ರೆಸಿಪಿಗಿಂತ ಶಾಖ ಅರ್ಥ ಮಾಡ್ಕೊಂಡ್ರೆ ಸಾಕು

ವೆನಿಲಾ ಸಾಸ್ ಹೇಗೆ ಮಾಡೋದು ಅಂತ ಹುಡುಕಿದ್ರೆ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ ಪಟ್ಟಿ ಸಿಗುತ್ತೆ. ಹಾಲು, ಕ್ರೀಮ್, ಮೊಟ್ಟೆ ಹಳದಿ, ಸಕ್ಕರೆ, ವೆನಿಲಾ. ಐದೇ ಐಟಂ, ಓವನ್ ಬೇಡ, ಹಿಟ್ಟು ಕಲಸೋದಿಲ್ಲ, ಅರ್ಧ ಗಂಟೆ ಕೆಲಸ. ಆದ್ರೂ ಮೊದಲ ಸಲ ಮಾಡೋ ಎಷ್ಟೋ ಜನಕ್ಕೆ ಎರಡರಲ್ಲಿ ಒಂದು ಆಗೇ ಆಗುತ್ತೆ, ಒಂದೋ ಎಷ್ಟು ಹೊತ್ತು ಕೈಯಾಡಿಸಿದ್ರೂ ಹಾಲು ಹಾಲಾಗೇ ಇರುತ್ತೆ, ಇಲ್ಲಾಂದ್ರೆ ಇನ್ನೊಂಚೂರು ದಪ್ಪ ಆಗ್ಲಿ ಅಂತ ಕಾಯ್ತಾ ಇರೋವಾಗ್ಲೇ ಇದ್ದಕ್ಕಿದ್ದ ಹಾಗೆ ಒಡೆದು ನೀರಲ್ಲಿ ಬೆಂದ ಮೊಟ್ಟೆ ಚೂರು ತೇಲೋ ಥರ ಆಗ್ಬಿಡುತ್ತೆ. ಆಮೇಲೆ ರೆಸಿಪಿನೇ ಸರಿ ಇಲ್ಲ ಅಂತ ಇನ್ನೊಂದು ಹುಡುಕೋದು, ಅದ್ರಲ್ಲಿ ಒಂದು ಹಳದಿ ಜಾಸ್ತಿ ಇರುತ್ತೆ, ಮತ್ತೆ ಅದೇ ಕಥೆ. ನನ್ನ ಪ್ರಕಾರ ಇದ್ರಲ್ಲಿ ಅಳತೆ ಒಂಚೂರು ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ, ಶಾಖ ಹೆಚ್ಚುಕಮ್ಮಿ ಆದ್ರೆ ಮಾತ್ರ ನಡೆಯಲ್ಲ. ಇಡೀ ಸಾಸ್ ಆಗೋದೂ ಕೆಡೋದೂ ಸುಮಾರು ಹತ್ತು ಡಿಗ್ರಿ ಒಳಗೆ.

ಯಾವ ಸಾಸ್ ಬಗ್ಗೆ ಹೇಳ್ತಿದೀನಿ ಅಂತ ಮೊದ್ಲೇ ಸ್ಪಷ್ಟ ಮಾಡ್ಬಿಡ್ತೀನಿ. ಫ್ರೆಂಚ್ ಅಡುಗೆಯವರು ಕ್ರೆಮ್ ಆಂಗ್ಲೇಸ್ ಅನ್ನೋದು ಇದನ್ನೇ. ಸುರಿದ್ರೆ ಧಾರೆಯಾಗಿ ಬೀಳೋ ಅಷ್ಟು ತೆಳು, ಆದ್ರೆ ಚಮಚದ ಬೆನ್ನಿಗೆ ಒಂದು ಪದರ ಅಂಟ್ಕೊಳ್ಳೋ ಅಷ್ಟು ದಪ್ಪ. ಇದೇ ಸಾಮಾನುಗಳನ್ನ ಕಪ್ಪಿಗೆ ಹಾಕಿ ಅಲುಗಾಡಿಸದೆ ಓವನ್‌ನಲ್ಲಿ ಬೇಯಿಸಿದ್ರೆ ಗಟ್ಟಿ ಕಸ್ಟರ್ಡ್, ಕಾರ್ನ್‌ಫ್ಲೋರ್ ಸೇರಿಸಿ ಕುದಿಸಿದ್ರೆ ಪೇಸ್ಟ್ರಿ ಕ್ರೀಮ್, ಮಷೀನಲ್ಲಿ ತಿರುಗಿಸ್ತಾ ಫ್ರೀಜ್ ಮಾಡಿದ್ರೆ ಐಸ್‌ಕ್ರೀಂ. ಇದೊಂದು ಕೈಗೆ ಹತ್ತಿದ್ರೆ ಉಳಿದವೆಲ್ಲ ಸಲೀಸು.

ಈಗ ಹಾಲು ದಪ್ಪ ಆಗೋದು ಯಾಕೆ ಅನ್ನೋದಕ್ಕೆ ಬರೋಣ, ಇದು ಗೊತ್ತಾದ್ರೆ ಮುಂದಿನ ಅರ್ಧ ವಿಷಯ ಹೇಳದೇನೇ ಅರ್ಥ ಆಗುತ್ತೆ. ಮೊಟ್ಟೆ ಹಳದಿಯಲ್ಲಿ ಸುಮಾರು ಅರ್ಧ ನೀರು, ಮೂರನೇ ಒಂದು ಭಾಗದ ಹತ್ತಿರ ಕೊಬ್ಬಿನಂಶ, ಉಳಿದಿದ್ರಲ್ಲಿ ಬಹುಪಾಲು ಪ್ರೋಟೀನ್. ಹಸಿಯಾಗಿದ್ದಾಗ ಈ ಪ್ರೋಟೀನ್‌ಗಳು ದಾರದುಂಡೆ ಥರ ತಮ್ಮಷ್ಟಕ್ಕೆ ಸುತ್ಕೊಂಡು ತೇಲ್ತಾ ಇರ್ತವೆ. ಬಿಸಿ ತಾಗಿದಾಗ ಉಂಡೆ ಬಿಚ್ಕೊಳ್ಳುತ್ತೆ, ಬಿಚ್ಕೊಂಡ ಎಳೆಗಳು ಪಕ್ಕದ ಎಳೆಗಳಿಗೆ ಸಿಕ್ಕಾಕ್ಕೊಂಡು ಒಂದು ಸಡಿಲವಾದ ಬಲೆ ಆಗುತ್ತೆ, ಆ ಬಲೆಯೊಳಗೆ ಹಾಲಿನ ನೀರು, ಕೊಬ್ಬು ಎಲ್ಲಾ ಸಿಕ್ಕಿ ಓಡಾಡೋಕೆ ಜಾಗ ಕಮ್ಮಿ ಆಗುತ್ತೆ. ನಮ್ಮ ಕಣ್ಣಿಗೆ ಅದು ಸಾಸ್ ದಪ್ಪ ಆದ ಹಾಗೆ ಕಾಣುತ್ತೆ. ಇಷ್ಟಕ್ಕೇ ನಿಲ್ಲಿಸಿದ್ರೆ ರೇಷ್ಮೆಯಂಥ ಸಾಸ್. ಇನ್ನೂ ಬಿಸಿ ಕೊಟ್ರೆ ಎಳೆಗಳು ಇನ್ನಷ್ಟು ಬಿಗಿಯಾಗಿ ಒಂದನ್ನೊಂದು ಎಳ್ಕೊಳ್ತವೆ, ಒಳಗಿದ್ದ ನೀರನ್ನ ಹಿಂಡಿ ಹೊರಗೆ ಹಾಕ್ತವೆ, ತಾವು ಗಟ್ಟಿ ಕಾಳಾಗ್ತವೆ. ಒಡೆದೋಯ್ತು ಅನ್ನೋದು ಇದಕ್ಕೇ. ದಪ್ಪ ಆಗೋದು, ಒಡೆಯೋದು ಎರಡು ಬೇರೆ ಬೇರೆ ಘಟನೆ ಅಂತ ಎಷ್ಟೋ ಜನ ಅಂದ್ಕೊಂಡಿರ್ತಾರೆ, ಆದ್ರೆ ಅದು ಒಂದೇ ದಾರಿ, ನಾವು ಎಲ್ಲಿ ಇಳೀತೀವಿ ಅನ್ನೋದಷ್ಟೇ ಪ್ರಶ್ನೆ.

ಬರೀ ಹಳದಿನೇ ಬಿಸಿ ಮಾಡಿದ್ರೆ 65 ಡಿಗ್ರಿ ಸೆಲ್ಸಿಯಸ್ ಹತ್ತಿರ ದಪ್ಪ ಆಗೋಕೆ ಶುರುವಾಗಿ 70ಕ್ಕೆಲ್ಲಾ ಗಟ್ಟಿಯಾಗಿರುತ್ತೆ. ಅದೇ ಹಳದಿನ ಅರ್ಧ ಲೀಟರ್ ಹಾಲಲ್ಲಿ ಸಕ್ಕರೆ ಜೊತೆ ಕಲಸಿದ್ರೆ ಆ ಲೆಕ್ಕ ಮೇಲಕ್ಕೆ ಹೋಗುತ್ತೆ, 75 ದಾಟಿದ ಮೇಲೆ ಗೊತ್ತಾಗೋ ಹಾಗೆ ದಪ್ಪ ಆಗುತ್ತೆ, 80ರಿಂದ 83 ಒಳ್ಳೇ ಜಾಗ, 85 ದಾಟಿದ್ರೆ ಕಾಳು ಕಟ್ಟೋ ಅಪಾಯ ಜೋರಾಗುತ್ತೆ. ಹಾಲು ಹಾಕಿದಾಗ ಪ್ರೋಟೀನ್‌ಗಳು ದೂರ ದೂರ ಆಗ್ತವೆ, ಒಂದಕ್ಕೊಂದು ಸಿಗೋಕೆ ಜಾಸ್ತಿ ಶಾಖ, ಜಾಸ್ತಿ ಓಡಾಟ ಬೇಕು. ಸಕ್ಕರೆ ಇನ್ನೊಂದು ಕಡೆಯಿಂದ ಕೆಲಸ ಮಾಡುತ್ತೆ, ಅದು ಇದ್ದಾಗ ಪ್ರೋಟೀನ್ ಉಂಡೆಗಳು ಅಷ್ಟು ಸುಲಭಕ್ಕೆ ಬಿಚ್ಕೊಳ್ಳಲ್ಲ. ಅದಕ್ಕೇ ಸಿಹಿ ಕಮ್ಮಿ ಇರ್ಲಿ ಅಂತ ಸಕ್ಕರೆ ಅರ್ಧಕ್ಕೆ ಇಳಿಸಿದ್ರೆ ರುಚಿ ಮಾತ್ರ ಬದಲಾಗಲ್ಲ, ಸಾಸ್ ಬೇಗ ಒಡೆಯೋ ಸ್ವಭಾವನೂ ಬರುತ್ತೆ, ಉರಿ ಹತ್ರ ಇನ್ನೂ ಹುಷಾರಾಗಿರ್ಬೇಕಾಗುತ್ತೆ.

ಅಳತೆ ಕೇಳೋರಿಗೆ: ಹಾಲು 250 ಎಂಎಲ್, ಕ್ರೀಮ್ 250 ಎಂಎಲ್, ಹಳದಿ 5, ಸಕ್ಕರೆ 80ರಿಂದ 100 ಗ್ರಾಂ, ವೆನಿಲಾ ಕೋಡು (ಹದ ಮಾಡಿ ಒಣಗಿಸಿದ ವೆನಿಲಾ ಕಾಯಿ) ಒಂದು ಅಥವಾ ಎಕ್ಸ್‌ಟ್ರಾಕ್ಟ್ (ಕೋಡನ್ನ ಮದ್ಯಸಾರದಲ್ಲಿ ನೆನೆಸಿ ತೆಗೆದ ರಸ) ಎರಡು ಟೀ ಚಮಚ, ಒಂದು ಚಿಟಿಕೆ ಉಪ್ಪು. ಆರೇಳು ಜನಕ್ಕೆ ಕೇಕ್ ಮೇಲೆ ಸುರಿಯೋಕೆ ಆರಾಮಾಗಿ ಸಾಕು. ಕ್ರೀಮ್ ಬೇಡ ಅಂದ್ರೆ ಪೂರ್ತಿ ಹಾಲಲ್ಲೇ ಮಾಡ್ಬಹುದು, ಸಾಸ್ ಸ್ವಲ್ಪ ಹಗುರ ಆಗುತ್ತೆ ಅಷ್ಟೇ, ನಿಜ ಹೇಳ್ಬೇಕಂದ್ರೆ ಭಾರವಾದ ಚಾಕೊಲೇಟ್ ಕೇಕ್ ಜೊತೆಗೆ ನಂಗೆ ಅದೇ ಇಷ್ಟ. ಆದ್ರೆ ಕೊಬ್ಬು ತೆಗೆದ ಹಾಲು ಬೇಡ, ಅದ್ರಲ್ಲಿ ಮಾಡಿದ್ರೆ ಬಾಯಲ್ಲಿ ನೀರು ನೀರಾಗಿ ವೆನಿಲಾ ವಾಸನೆನೂ ನಿಲ್ಲಲ್ಲ, ಯಾಕಂದ್ರೆ ವೆನಿಲಾದ ಪರಿಮಳದಲ್ಲಿ ಬಹಳಷ್ಟು ಅಂಶ ಕೊಬ್ಬಲ್ಲಿ ಕರಗೋ ಅಂಥದ್ದು. ಹಳದಿ ನಾಲ್ಕಾದ್ರೆ ತೆಳು, ಆರಾದ್ರೆ ದಪ್ಪ, ಎಂಟು ಹಾಕಿದ್ರೆ ವೆನಿಲಾ ಹಿಂದೆ ಸರಿದು ಮೊಟ್ಟೆನೇ ಮುಂದೆ ನಿಲ್ಲುತ್ತೆ. ಉಪ್ಪು ಬಿಡ್ಬೇಡಿ, ಉಪ್ಪಿನ ರುಚಿ ಬರಲ್ಲ ಆದ್ರೆ ಅದು ಇಲ್ದೇ ಇದ್ರೆ ಬರೀ ಸಿಹಿ ಸಪ್ಪೆ ಅನ್ಸುತ್ತೆ.

ಶುರು ಮಾಡೋ ಮುಂಚೆ ಜರಡಿ, ಒಂದು ಖಾಲಿ ಬೌಲ್, ಆ ಬೌಲ್ ಕೂರೋ ಅಷ್ಟು ದೊಡ್ಡ ಪಾತ್ರೇಲಿ ಐಸ್ ನೀರು, ಇಷ್ಟು ಪಕ್ಕದಲ್ಲೇ ರೆಡಿ ಇರ್ಬೇಕು. ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಸಾಸ್ ಆದ ಮೇಲೆ ಜರಡಿ ಎಲ್ಲಿದೆ ಅಂತ ಕಪಾಟು ತಡಕಾಡೋ ಅರ್ಧ ನಿಮಿಷದಲ್ಲೇ ಬಿಸಿ ಪಾತ್ರೆ ಅದನ್ನ ಇನ್ನೂ ಎರಡು ಮೂರು ಡಿಗ್ರಿ ಮೇಲೆ ತಗೊಂಡು ಹೋಗ್ಬಿಡುತ್ತೆ. ಉರಿ ಆಫ್ ಮಾಡಿದ ತಕ್ಷಣ ಅಡುಗೆ ನಿಲ್ಲಲ್ಲ, ದಪ್ಪ ತಳದ ಪಾತ್ರೆ ಆದ್ರಂತೂ ಅದ್ರಲ್ಲಿ ತುಂಬಿರೋ ಶಾಖ ಇಳಿಯೋಕೆ ಟೈಮ್ ತಗೊಳ್ಳುತ್ತೆ. ಹಾಗಂತ ತೆಳು ತಳದ ಪಾತ್ರೆ ತಗೊಂಡ್ರೆ ಉರಿ ತಾಗೋ ಜಾಗದಲ್ಲೇ ತಳ ಹಿಡಿಯುತ್ತೆ, ಹಾಗಾಗಿ ದಪ್ಪ ತಳದ್ದೇ ಇರ್ಲಿ, ಸಾಸ್‌ನ ತಕ್ಷಣ ಬೇರೆ ಪಾತ್ರೆಗೆ ಸುರಿದ್ರೆ ಆಯ್ತು.

ಮೊದಲ ಹೆಜ್ಜೆ ಹಾಲಿಗೆ ವೆನಿಲಾ ಪರಿಮಳ ಇಳಿಸೋದು. ಕೋಡನ್ನ ಉದ್ದಕ್ಕೆ ಸೀಳಿ, ಚಾಕುವಿನ ಬೆನ್ನಿಂದ ಒಳಗಿನ ಕಪ್ಪು ಬೀಜಗಳನ್ನ ಕೆರೆದು, ಬೀಜ ಸಿಪ್ಪೆ ಎರಡನ್ನೂ ಹಾಲು ಕ್ರೀಮ್‌ಗೆ ಹಾಕಿ, ಪಾತ್ರೆ ಅಂಚಲ್ಲಿ ಸಣ್ಣ ಗುಳ್ಳೆ ಬರೋವರೆಗೂ ಬಿಸಿ ಮಾಡಿ, ಮುಚ್ಚಿ ಇಪ್ಪತ್ತು ಮೂವತ್ತು ನಿಮಿಷ ಸುಮ್ನೆ ಬಿಟ್ಬಿಡಿ. ಸಿಪ್ಪೆ ಬಿಸಾಕ್ಬೇಡಿ, ಬೀಜ ಮಾತ್ರ ಅಲ್ಲ ಪರಿಮಳ ಸಿಪ್ಪೆಯಲ್ಲೂ ಸಾಕಷ್ಟಿರುತ್ತೆ, ಕಪ್ಪು ಚುಕ್ಕಿ ಚೆಂದ ಕಾಣುತ್ತೆ ಅಂತ ಬೀಜಕ್ಕೆ ಎಲ್ಲಾ ಕ್ರೆಡಿಟ್ ಹೋಗ್ಬಿಡುತ್ತೆ. ಆಮೇಲೆ ಹಾಲನ್ನ ಮತ್ತೆ ಬಿಸಿ ಮಾಡಿ ಮುಂದಿನ ಕೆಲಸಕ್ಕೆ ಹೋಗೋದು. ಎಕ್ಸ್‌ಟ್ರಾಕ್ಟ್ ಬಳಸೋರಿಗೆ ಈ ಕಾಯೋ ಕೆಲಸ ಇಲ್ಲ, ಅದನ್ನ ಈಗ ಹಾಕಲೇಬಾರ್ದು, ಪೂರ್ತಿ ಆದ್ಮೇಲೆ ಸಾಸ್ ಆರ್ತಾ ಇರೋವಾಗ ಹಾಕ್ಬೇಕು, ಇಲ್ಲಾಂದ್ರೆ ಬಿಸಿಗೆ ಮದ್ಯಸಾರದ ಜೊತೆ ಪರಿಮಳನೂ ಅಡುಗೆಮನೆಗೆ ಹಾರಿ ಹೋಗುತ್ತೆ. ಮನೆಯೆಲ್ಲಾ ಘಮ್ ಅಂತಿದೆ ಅಂದ್ರೆ ಆ ಘಮ ಸಾಸಲ್ಲಿ ಅಷ್ಟು ಕಮ್ಮಿ ಆಯ್ತು ಅಂತಾನೇ ಲೆಕ್ಕ.

ಹಳದಿ ಬೇರೆ ಮಾಡೋವಾಗ ಬಿಳಿ ಭಾಗ ಆದಷ್ಟು ಬರದ ಹಾಗೆ ನೋಡ್ಕೊಳ್ಳಿ. ಬಿಳಿಯ ಪ್ರೋಟೀನ್ ಹಳದಿಗಿಂತ ಕಮ್ಮಿ ಬಿಸಿಗೆ, 60 ಡಿಗ್ರಿ ಆಸುಪಾಸಲ್ಲೇ, ಗಟ್ಟಿಯಾಗೋಕೆ ಶುರು ಆಗುತ್ತೆ, ಹಾಗಾಗಿ ಸಾಸ್ ಆಗೋಕಿಂತ ಮುಂಚೆನೇ ಅಲ್ಲಲ್ಲಿ ಬಿಳಿ ಎಳೆ ಕಾಣಿಸ್ಕೊಂಡ್ರೆ ಗಾಬರಿ ಬೇಡ, ಅದು ಒಡೆದಿದ್ದಲ್ಲ, ಜರಡೀಲಿ ಸೋಸಿದ್ರೆ ಹೋಗುತ್ತೆ. ಹಳದಿಗೆ ಸಕ್ಕರೆ ಹಾಕಿದ ಕೂಡ್ಲೇ ಕಲಸ್ಬೇಕು. ಸಕ್ಕರೆ ಸುರಿದು ಫೋನ್ ನೋಡ್ತಾ ಕೂತ್ರೆ ಸಕ್ಕರೆ ಹಳದಿಯಿಂದ ನೀರು ಎಳ್ಕೊಳ್ಳುತ್ತೆ, ಹಳದಿ ಅಲ್ಲಲ್ಲಿ ಒಣಗಿ ಸಣ್ಣ ಗಟ್ಟಿ ಗಂಟಾಗುತ್ತೆ, ಆ ಗಂಟು ಆಮೇಲೆ ಎಷ್ಟು ತಿರುಗಿಸಿದ್ರೂ ಕರಗಲ್ಲ. ಕಲಸೋದು ಅಂದ್ರೆ ನೊರೆ ಬರೋವರೆಗೂ ಬಡಿಯೋದಲ್ಲ, ಬಣ್ಣ ಒಂಚೂರು ತಿಳಿಯಾಗಿ ಸಕ್ಕರೆ ಬೆರೆತ್ರೆ ಸಾಕು. ನೊರೆ ಜಾಸ್ತಿ ಆದ್ರೆ ಆಮೇಲೆ ಕೆಳಗಿನ ಸಾಸ್ ಹೇಗಿದೆ ಅಂತ ಕಾಣೋದೇ ಇಲ್ಲ.

ಮುಂದಿನದು ಎಲ್ರೂ ಹೆದ್ರೋ ಜಾಗ, ಬಿಸಿ ಹಾಲು ಮತ್ತು ಹಳದಿ ಸೇರಿಸೋದು. ಯಾವುದನ್ನ ಯಾವುದಕ್ಕೆ ಹಾಕ್ತೀವಿ ಅನ್ನೋದು ಇಲ್ಲಿ ಮುಖ್ಯ. ಹಳದಿನ ಬಿಸಿ ಹಾಲಿಗೆ ಸುರಿದ್ರೆ ಮೊದಲು ಬೀಳೋ ಹಳದಿಗೆ ಸುತ್ತಲೂ ಬರೀ ಬಿಸಿ, ಅಲ್ಲೇ ಬೆಂದು ಚೂರಾಗುತ್ತೆ. ಅದ್ರ ಬದ್ಲು ಹಾಲನ್ನ ಹಳದಿಗೆ ಸ್ವಲ್ಪ ಸ್ವಲ್ಪ ಹಾಕಿದ್ರೆ, ಮೊದಲ ಒಂದೆರಡು ಸೌಟು ಹಾಲಿನ ಶಾಖ ಅಷ್ಟೂ ಹಳದಿಗೆ ಹಂಚಿ ಹೋಗುತ್ತೆ, ಯಾವ ಭಾಗವೂ ಒಮ್ಮೆಗೇ 70 ಮುಟ್ಟಲ್ಲ, ಜೊತೆಗೆ ಹಳದಿ ತೆಳು ಆಗ್ತಾ ಹೋಗೋದ್ರಿಂದ ಅದ್ರ ಬೇಯೋ ಲೆಕ್ಕನೂ ಮೇಲೆ ಹೋಗುತ್ತೆ. ಒಂದು ಕೈಯಲ್ಲಿ ಸಣ್ಣ ಧಾರೆ, ಇನ್ನೊಂದು ಕೈಯಲ್ಲಿ ವಿಸ್ಕ್ (ಬಡಿಯೋ ತಂತಿ ಸೌಟು) ನಿಲ್ಲದ ಹಾಗೆ. ಅರ್ಧ ಹಾಲು ಹೋದ ಮೇಲೆ ಉಳಿದಿದ್ದನ್ನ ಧೈರ್ಯವಾಗಿ ಸುರೀಬಹುದು, ಆಮೇಲೆ ಪೂರ್ತಿ ಮತ್ತೆ ಪಾತ್ರೆಗೆ.

ಇಲ್ಲಿಂದ ಉರಿ ಸಣ್ಣದು. ವಿಸ್ಕ್ ಪಕ್ಕಕ್ಕಿಟ್ಟು ಮರದ ಸೌಟೋ ಸಿಲಿಕೋನ್ ಸ್ಪ್ಯಾಚುಲಾನೋ ತಗೊಳ್ಳಿ, ಯಾಕಂದ್ರೆ ಈಗ ಗಾಳಿ ಸೇರಿಸೋದು ಬೇಡ, ತಳ ಕೆರೆಯೋದು ಬೇಕು. ಸಾಸ್ ಬೇಯೋದು ತಳದಲ್ಲಿ, ಅಲ್ಲಿರೋ ತೆಳು ಪದರ ಮೇಲಿನದ್ದಕ್ಕಿಂತ ಯಾವಾಗ್ಲೂ ಬಿಸಿ, ಅದು ಅಲ್ಲೇ ನಿಂತ್ರೆ ಬಲೆ ಬಿಗಿಯಾಗಿ ಕಾಳಾಗುತ್ತೆ. ನಾವು ಕೈಯಾಡಿಸೋದ್ರಿಂದ ಆ ಪದರ ಮೇಲೆ ಬಂದು ತಣ್ಣಗಿರೋದು ಕೆಳಗೆ ಹೋಗುತ್ತೆ. ಹಾಗಾಗಿ ನಡುವಲ್ಲಿ ಗುಂಡಗೆ ತಿರುಗಿಸಿದ್ರೆ ಸಾಲಲ್ಲ, ತಳ ಮತ್ತು ಗೋಡೆ ಸೇರೋ ಮೂಲೆ ಇರುತ್ತಲ್ಲ ಅಲ್ಲೇ ಮೊದಲು ಗಂಟು ಕಟ್ಟೋದು, ಅಲ್ಲಿಗೂ ಸ್ಪ್ಯಾಚುಲಾ ಹೋಗ್ತಾ ಇರ್ಬೇಕು.

ಇಲ್ಲಿ ತಾಳ್ಮೆ ಕೆಡೋದು ಯಾಕೆ ಅಂದ್ರೆ ಐದಾರು ನಿಮಿಷ ಏನೂ ಆಗಲ್ಲ. ಹಾಲು 60 ಆಯ್ತು, 65 ಆಯ್ತು, 70 ಆಯ್ತು, ಕೈಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ, ಆಗ ಎಲ್ರ ಕೈಯೂ ಗ್ಯಾಸ್ ನಾಬ್ ಕಡೆ ಹೋಗುತ್ತೆ. ಉರಿ ಜೋರು ಮಾಡಿದ ಕೂಡ್ಲೇ ಒಂದು ಡಿಗ್ರಿ ಏರೋಕೆ ತಗೊಳ್ತಿದ್ದ ಟೈಮಲ್ಲಿ ನಾಲ್ಕು ಡಿಗ್ರಿ ಏರುತ್ತೆ, 78ರಿಂದ 86ಕ್ಕೆ ಯಾವಾಗ ಹೋಯ್ತು ಅಂತಾನೇ ಗೊತ್ತಾಗಲ್ಲ. ಸಣ್ಣ ಉರಿಯಲ್ಲಿ ಅದೇ ದಾರಿಗೆ ಒಂದೆರಡು ನಿಮಿಷ ಸಿಗುತ್ತೆ, ನೋಡಿ ನಿರ್ಧಾರ ಮಾಡೋಕೆ ಆ ಒಂದೆರಡು ನಿಮಿಷ ಬೇಕೇ ಬೇಕು.

ಥರ್ಮಾಮೀಟರ್ ಇದ್ರೆ 80ರಿಂದ 82 ತೋರಿಸಿದ ಕ್ಷಣ ಇಳಿಸಿ ಜರಡಿ ಮೂಲಕ ಐಸ್ ಮೇಲಿರೋ ಬೌಲ್‌ಗೆ ಸುರೀರಿ, ಮುಗೀತು. ಅಡುಗೆಗೆ ಥರ್ಮಾಮೀಟರ್ ಯಾಕೆ ಅಂತ ಮೂಗು ಮುರಿಯೋರು ಇದಾರೆ, ಈ ಸಾಸ್ ಮಟ್ಟಿಗೆ ನಾನು ಅವರ ಮಾತು ಒಪ್ಪಲ್ಲ, ಹತ್ತು ಡಿಗ್ರಿ ಒಳಗೆ ನಡೆಯೋ ಕೆಲಸಕ್ಕೆ ಡಿಗ್ರಿ ತೋರ್ಸೋ ಸಾಧನ ಇಟ್ಕೊಳ್ಳೋದ್ರಲ್ಲಿ ನಾಚಿಕೆ ಏನಿದೆ. ಇಲ್ದೇ ಇದ್ರೂ ಗುರುತುಗಳಿವೆ. ಮೇಲೆ ತೇಲ್ತಿದ್ದ ಸಣ್ಣ ನೊರೆ ಒಂದು ಹಂತದಲ್ಲಿ ಮಾಯ ಆಗೋಕೆ ಶುರು ಆಗುತ್ತೆ, ಅದು ಕಂಡ್ರೆ ಹತ್ರ ಬಂದ್ವಿ ಅಂತ. ಹಬೆ ಏಳುತ್ತೆ. ಸ್ಪ್ಯಾಚುಲಾ ಎಳೆದಾಗ ಹಾಲು ಚುಳುಕ್ ಅಂತ ಹರಿಯೋದು ಬಿಟ್ಟು ಸ್ವಲ್ಪ ಸೋಮಾರಿಯಾಗಿ ಹಿಂದೆ ಬರುತ್ತೆ. ಆಗ ಸೌಟನ್ನ ಅದ್ದಿ ಎತ್ತಿ ಬೆನ್ನ ಮೇಲೆ ಬೆರಳಿಂದ ಒಂದು ಗೆರೆ ಎಳೀರಿ, ಎರಡು ಕಡೆಯಿಂದ ಸಾಸ್ ಹರಿದು ಬಂದು ಗೆರೆ ಮುಚ್ಕೊಂಡ್ರೆ ಇನ್ನೂ ಆಗಿಲ್ಲ, ಗೆರೆ ಹಾಗೇ ನಿಂತ್ರೆ ಆಗಿದೆ. ಈ ಪರೀಕ್ಷೆ ಮಾಡೋವಾಗ ಪಾತ್ರೆನ ಉರಿಯಿಂದ ಪಕ್ಕಕ್ಕೆ ಎತ್ತಿಟ್ಟು ಮಾಡಿ, ಬೆರಳು ಗೆರೆ ಅಂತ ನೋಡ್ತಾ ಇರೋವಾಗ ಕೆಳಗೆ ಬೇಯ್ತಾ ಇರ್ಬಾರ್ದು. ಮತ್ತೆ ಒಂದೇ ಒಂದು ಗುಳ್ಳೆ ಕೆಳಗಿಂದ ಎದ್ರೂ ತಡ ಆಯ್ತು ಅಂತಾನೇ ತಿಳ್ಕೊಂಡು ತಕ್ಷಣ ಇಳಿಸಿ.

ಬಿಸಿ ಇದ್ದಾಗ ಸಾಸ್ ತೀರಾ ತೆಳು ಅನ್ಸುತ್ತೆ, ಅಂಗಡಿ ಕಸ್ಟರ್ಡ್ ನೋಡಿ ಅಭ್ಯಾಸ ಇದ್ರಂತೂ ಇದೇನು ಇಷ್ಟೇನಾ ಅಂತ ಇನ್ನೊಂದು ಸ್ವಲ್ಪ ಕಾಯಿಸ್ಬೇಕು ಅನ್ಸುತ್ತೆ. ಬೇಡ. ತಣ್ಣಗಾದಾಗ ಅದು ಖಂಡಿತ ಇನ್ನೂ ದಪ್ಪ ಆಗುತ್ತೆ, ಕ್ರೀಮ್ ಹಾಕಿದ್ರೆ ಕೊಬ್ಬು ಗಟ್ಟಿಯಾಗೋದ್ರಿಂದ ಇನ್ನೂ ಜಾಸ್ತಿ.

ಬಿಸಿ ನೀರಿನ ಪಾತ್ರೆ ಮೇಲೆ ಬೌಲ್ ಇಟ್ಟು ಮಾಡೋ ಡಬಲ್ ಬಾಯ್ಲರ್ ವಿಧಾನ ನಿಧಾನ ಆದ್ರೂ ಹೊಸಬರಿಗೆ ಒಳ್ಳೇದು, ಉರಿ ನೇರ ತಾಗಲ್ಲ. ಬೌಲ್ ತಳ ನೀರಿಗೆ ಮುಟ್ಟದ ಹಾಗಿರ್ಲಿ, ನೀರು ಕುದಿಯೋ ಬದ್ಲು ಸಣ್ಣಗೆ ಹಬೆ ಆಡ್ತಾ ಇರ್ಲಿ. ಆದ್ರೆ ಹೀಗೆ ಮಾಡಿದ್ರೆ ಒಡೆಯೋದೇ ಇಲ್ಲ ಅನ್ನೋದು ಸುಳ್ಳು, ಹಬೆಯ ಶಾಖವೂ 85 ದಾಟ್ಬಹುದು, ಬಿಟ್ಟು ಹೋದ್ರೆ ಇದೂ ಒಡೆಯುತ್ತೆ.

ಒಡೆದ್ರೆ ಏನು ಮಾಡೋದು? ಎಷ್ಟು ಒಡೆದಿದೆ ಅನ್ನೋದ್ರ ಮೇಲೆ ಇದೆ. ಸಣ್ಣ ಸಣ್ಣ ಕಾಳು ಈಗಷ್ಟೇ ಕಾಣ್ತಿದೆ, ಸಾಸ್ ರವೆ ರವೆ ಆಗಿದೆ ಅಂದ್ರೆ ತಕ್ಷಣ ತಣ್ಣನೆ ಬೌಲ್‌ಗೆ ಸುರಿದು, ಎರಡು ಚಮಚ ತಣ್ಣಗಿರೋ ಕ್ರೀಮ್ ಹಾಕಿ, ಹಬೆ ಸ್ವಲ್ಪ ಇಳಿದ ಮೇಲೆ ಬ್ಲೆಂಡರ್‌ನಲ್ಲಿ ಕೆಲವು ಸೆಕೆಂಡ್ ತಿರುಗಿಸಿ ಸೋಸಿ. ಬ್ಲೆಂಡರ್ ಬಲೆನ ಮತ್ತೆ ಕಟ್ಟಲ್ಲ, ಕಾಳುಗಳನ್ನ ನಾಲಿಗೆಗೆ ಗೊತ್ತಾಗದಷ್ಟು ಸಣ್ಣ ಮಾಡುತ್ತೆ, ಮೊದಲಿನಷ್ಟು ದಪ್ಪ ಇರಲ್ಲ ಆದ್ರೆ ಬಡಿಸ್ಬಹುದು. ಬಿಸಿ ಬಿಸಿನೇ ಮುಚ್ಚಳ ಬಿಗಿದು ಮಿಕ್ಸಿ ಆನ್ ಮಾಡ್ಬೇಡಿ, ಒಳಗಿನ ಹಬೆಗೆ ಮುಚ್ಚಳ ಹಾರಿ ಮುಖಕ್ಕೆ ಬರುತ್ತೆ. ಪೂರ್ತಿ ಒಡೆದು ದೊಡ್ಡ ಚೂರು ಒಂದು ಕಡೆ ನೀರು ಒಂದು ಕಡೆ ಆಗಿದ್ರೆ ಬಿಟ್ಬಿಡಿ, ಅತಿಯಾಗಿ ಬೆಂದ ಮೊಟ್ಟೆಯಿಂದ ಬರೋ ಗಂಧಕದ ವಾಸನೆ ಯಾವ ಬ್ಲೆಂಡರಿಗೂ ಹೋಗಲ್ಲ. ತೆಳುವಾಗೇ ಉಳಿದಿದ್ರೆ ಅದು ಸಮಸ್ಯೆನೇ ಅಲ್ಲ, ಮತ್ತೆ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಇನ್ನೆರಡು ಡಿಗ್ರಿ ಮೇಲೆ ತಗೊಂಡು ಹೋಗೋದು ಅಷ್ಟೇ.

ಈಗ ವೆನಿಲಾ. ಈ ಸಾಸಲ್ಲಿ ಬೇರೆ ಯಾವ ರುಚಿಯೂ ಅದನ್ನ ಮುಚ್ಚೋಕಿಲ್ಲ, ಹಾಗಾಗಿ ಯಾವ ವೆನಿಲಾ ಅನ್ನೋದು ಕೇಕಿಗಿಂತ ಇಲ್ಲಿ ಎದ್ದು ಕಾಣುತ್ತೆ. ವೆನಿಲಾ ಒಂದು ಆರ್ಕಿಡ್ ಬಳ್ಳಿಯ ಕಾಯಿ, ಮೂಲ ಮೆಕ್ಸಿಕೋ ಕಡೆದು. ಬಳ್ಳಿನ ಬೇರೆ ದೇಶಗಳಿಗೆ ತಗೊಂಡು ಹೋದ್ರು, ಹೂ ಬಿಡ್ತಿತ್ತು, ಕಾಯಿ ಮಾತ್ರ ಆಗ್ತಿರ್ಲಿಲ್ಲ, ಪರಾಗಸ್ಪರ್ಶ ಮಾಡೋ ಕೀಟ ಅಲ್ಲಿರ್ಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಹನ್ನೆರಡು ವರ್ಷದ ಹುಡುಗ, ಎಡ್ಮಂಡ್ ಅಲ್ಬಿಯಸ್, ಒಂದು ಕಡ್ಡಿ ಮತ್ತು ಹೆಬ್ಬೆರಳು ಬಳಸಿ ಹೂವಿನೊಳಗಿನ ಪೊರೆ ಎತ್ತಿ ಪರಾಗ ಮುಟ್ಟಿಸೋ ವಿಧಾನ ಕಂಡುಹಿಡಿದ. ಮಡಗಾಸ್ಕರ್ ಇವತ್ತು ವೆನಿಲಾದಲ್ಲಿ ಮುಂದಿದೆ ಅಂದ್ರೆ ಅದ್ರ ಹಿಂದೆ ಇದೇ ವಿಧಾನ ಇದೆ, ಈಗಲೂ ಒಂದೊಂದು ಹೂವನ್ನೂ ಕೈಯಲ್ಲೇ ಮುಟ್ಟಿಸ್ಬೇಕು, ಹೂವು ಅರಳಿರೋದು ಒಂದೇ ದಿನ. ಆ ಕಾಯಿಗಳಿಗೆ ಬೂರ್ಬೋ ವೆನಿಲಾ ಅನ್ನೋ ಹೆಸರು ಬಂದಿದ್ದು ಆ ದ್ವೀಪದ ಹಳೇ ಹೆಸರಿಂದ, ಅದೇ ಸ್ಪೆಲ್ಲಿಂಗಿನ ವಿಸ್ಕಿಗೂ ಇದಕ್ಕೂ ಸಂಬಂಧ ಇಲ್ಲ.

ಬಳ್ಳಿಯಿಂದ ಕಿತ್ತ ಹಸಿರು ಕಾಯಿಗೆ ವೆನಿಲಾ ವಾಸನೆನೇ ಇರಲ್ಲ. ಪರಿಮಳ ಕೊಡೋ ವೆನಿಲಿನ್ ಅನ್ನೋ ವಸ್ತು ಸಕ್ಕರೆ ಅಣುವಿಗೆ ಕಟ್ಕೊಂಡು ಕೂತಿರುತ್ತೆ. ಕಾಯಿನ ಬಿಸಿ ನೀರಲ್ಲಿ ಅದ್ದಿ, ಕಂಬಳಿ ಸುತ್ತಿ ಬೆವರಿಸಿ, ಬಿಸಿಲಿಗೆ ಹಾಕಿ, ತಿಂಗಳುಗಟ್ಟಲೆ ಪೆಟ್ಟಿಗೇಲಿಟ್ಟು ಹದ ಮಾಡಿದ್ರೆ ಕಾಯೊಳಗಿನ ಕಿಣ್ವಗಳು (ಎಂಜೈಮ್) ಆ ಕಟ್ಟು ಬಿಡಿಸ್ತವೆ. ಅಷ್ಟಾದ್ರೂ ಹದವಾದ ಕೋಡಿನ ತೂಕದಲ್ಲಿ ವೆನಿಲಿನ್ ಇರೋದು ಶೇಕಡಾ ಎರಡರ ಆಸುಪಾಸು ಅಷ್ಟೇ, ಉಳಿದ ಪರಿಮಳ ನೂರಾರು ಬೇರೆ ಸಣ್ಣಪುಟ್ಟ ವಸ್ತುಗಳದ್ದು. 1874ರಲ್ಲೇ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಅನ್ನೋ ಇಬ್ರು ರಸಾಯನಶಾಸ್ತ್ರಜ್ಞರು ಪೈನ್ ಜಾತಿ ಮರದ ರಸದಿಂದ ಸಿಗೋ ಕೋನಿಫೆರಿನ್ ಬಳಸಿ ವೆನಿಲಿನ್ ತಯಾರಿಸಿ ತೋರಿಸಿದ್ರು. ಈಗ ಎಸೆನ್ಸ್ ಬಾಟಲಿಯಲ್ಲಿ ಬರೋದು ಹೆಚ್ಚಾಗಿ ಕಾರ್ಖಾನೆಯಲ್ಲಿ ಮಾಡಿದ ವೆನಿಲಿನ್, ಕೆಲವು ಸಲ ಅದಕ್ಕಿಂತ ಇನ್ನೂ ತೀಕ್ಷ್ಣವಾದ ಈಥೈಲ್ ವೆನಿಲಿನ್. ಅದು ವಿಷ ಅಲ್ಲ, ಕೋಡಲ್ಲಿರೋ ವೆನಿಲಿನ್‌ಗೂ ಕಾರ್ಖಾನೆ ವೆನಿಲಿನ್‌ಗೂ ಅಣು ಒಂದೇ, ಇಲ್ದೇ ಇರೋದು ಆ ಉಳಿದ ನೂರಾರು ಸಣ್ಣಪುಟ್ಟದ್ದು. ಎಕ್ಸ್‌ಟ್ರಾಕ್ಟ್ ಅಂದ್ರೆ ಕೋಡನ್ನ ಮದ್ಯಸಾರದಲ್ಲಿ ನೆನೆಸಿ ತೆಗೆದ ರಸ, ಅಮೆರಿಕದ ನಿಯಮದ ಪ್ರಕಾರ ಅದ್ರಲ್ಲಿ ಮದ್ಯಸಾರ ಕನಿಷ್ಠ ಶೇಕಡಾ 35 ಇರ್ಬೇಕು.

ನನ್ನ ಸಲಹೆ ಏನಂದ್ರೆ ಓವನ್‌ನಲ್ಲಿ ಬೇಯೋ ಬಿಸ್ಕೆಟ್ ಕೇಕಿಗೆ ಎಸೆನ್ಸ್ ಧಾರಾಳವಾಗಿ ಬಳಸಿ, ಒಂದು ಕೋಡು ಇದ್ರೆ ಅದನ್ನ ಈ ಸಾಸಿಗೆ ಇಟ್ಕೊಳ್ಳಿ. ಎಸೆನ್ಸ್ ಮಾತ್ರ ಇದ್ರೆ ಅದೂ ನಡೆಯುತ್ತೆ, ಆದ್ರೆ ಅಳತೆ ಚಮಚದಲ್ಲಿ ಬೇಡ, ಹನಿ ಲೆಕ್ಕದಲ್ಲಿ ಹಾಕಿ ರುಚಿ ನೋಡ್ತಾ ಹೋಗಿ, ಜಾಸ್ತಿ ಆದ್ರೆ ನಾಲಿಗೆ ಮೇಲೆ ಕಹಿ ನಿಲ್ಲುತ್ತೆ. ಬಳಸಿದ ಕೋಡಿನ ಸಿಪ್ಪೆನ ತೊಳೆದು ಚೆನ್ನಾಗಿ ಒಣಗಿಸಿ ಸಕ್ಕರೆ ಡಬ್ಬಿಗೆ ಹಾಕಿಟ್ರೆ ಮುಂದಿನ ಸಲದ ಸಕ್ಕರೆಗೂ ಪರಿಮಳ ಬಂದಿರುತ್ತೆ.

ಮೊಟ್ಟೆ ತಿನ್ನದೇ ಇರೋರಿಗೆ ದಾರಿ ಇದೆ, ಕಾರ್ನ್‌ಫ್ಲೋರ್. ಕಸ್ಟರ್ಡ್ ಪೌಡರ್ ಹುಟ್ಟಿದ್ದೇ ಹಾಗೆ, 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್‌ಫ್ರೆಡ್ ಬರ್ಡ್ ಅನ್ನೋರು ಮೊಟ್ಟೆ ಆಗದ ತಮ್ಮ ಹೆಂಡತಿಗೋಸ್ಕರ ಮಾಡಿದ್ದು. ಆ ಡಬ್ಬಿಯಲ್ಲಿರೋದು ಬಹುತೇಕ ಕಾರ್ನ್‌ಫ್ಲೋರ್, ಬಣ್ಣ, ವೆನಿಲಾ ವಾಸನೆ, ಹಾಗಾಗಿ ನೀವೇ ಅರ್ಧ ಲೀಟರ್ ಹಾಲಿಗೆ 15 ಗ್ರಾಂ ಕಾರ್ನ್‌ಫ್ಲೋರ್ ತಣ್ಣನೆ ಹಾಲಲ್ಲಿ ಕಲಸಿ ಹಾಕಿ ಮಾಡ್ಕೊಂಡ್ರೂ ಆಯ್ತು. ಇದ್ರ ಸ್ವಭಾವ ಮಾತ್ರ ಪೂರ್ತಿ ಉಲ್ಟಾ. ಇಲ್ಲಿ ಪ್ರೋಟೀನ್ ಬಲೆ ಇಲ್ಲ, ಹಿಟ್ಟಿನ ಕಣಗಳು ನೀರು ಕುಡಿದು ಉಬ್ಬಿ ಸಾಸ್ ದಪ್ಪ ಮಾಡ್ತವೆ, ಅದಕ್ಕೆ ಕುದಿ ಬರ್ಲೇಬೇಕು, ಒಂದು ನಿಮಿಷ ಕುದಿಸದೆ ಇಳಿಸಿದ್ರೆ ಹಸಿ ಹಿಟ್ಟಿನ ರುಚಿ ಉಳಿಯುತ್ತೆ.

ಎರಡನ್ನೂ ಸೇರಿಸಿ ಮಾಡೋರು, ಅಂದ್ರೆ ಹಳದಿನೂ ಹಾಕಿ ಭದ್ರತೆಗೆ ಒಂದು ಚಮಚ ಕಾರ್ನ್‌ಫ್ಲೋರ್ ಹಾಕೋರು, ಒಂದು ವಿಚಿತ್ರ ಗಮನಿಸಿರ್ತಾರೆ, ರಾತ್ರಿ ದಪ್ಪಗಿದ್ದ ಸಾಸ್ ಬೆಳಗ್ಗೆ ಫ್ರಿಜ್ ತೆಗೆದು ನೋಡಿದ್ರೆ ನೀರಾಗಿರುತ್ತೆ. ಹಳದಿಯಲ್ಲಿ ಅಮೈಲೇಸ್ ಅನ್ನೋ ಕಿಣ್ವ ಇದೆ, ಪಿಷ್ಟನ (ಸ್ಟಾರ್ಚ್, ಕಾರ್ನ್‌ಫ್ಲೋರ್ ಅಂದ್ರೆ ಅದೇ) ಕತ್ತರಿಸೋದೇ ಅದ್ರ ಕೆಲಸ. 80 ಡಿಗ್ರಿಗೆ ನಿಲ್ಲಿಸಿದ್ರೆ ಅದು ಪೂರ್ತಿ ಸಾಯದೇ ಉಳಿದು ರಾತ್ರಿಯೆಲ್ಲಾ ಕಾರ್ನ್‌ಫ್ಲೋರನ್ನ ಕತ್ತರಿಸ್ತಾ ಕೂತಿರುತ್ತೆ. ಕಾರ್ನ್‌ಫ್ಲೋರ್ ಇದ್ರೆ ಹಳದಿ ಇದ್ರೂ ಕುದಿಸ್ಬಹುದು, ಕುದಿಸ್ಲೇಬೇಕು, ಪಿಷ್ಟದ ಕಣಗಳು ಅಡ್ಡ ಬರೋದ್ರಿಂದ ಪ್ರೋಟೀನ್ ಎಳೆಗಳು ಅಷ್ಟು ಸುಲಭಕ್ಕೆ ಬಿಗಿಯಾಗಿ ಕಾಳಾಗಲ್ಲ. ಕಾರ್ನ್‌ಫ್ಲೋರ್ ಇಲ್ದಿದ್ರೆ ಕುದಿಸ್ಬಾರ್ದು. ಈ ಎರಡು ರೆಸಿಪಿನ ಬೆರೆಸ್ಕೊಂಡಾಗ್ಲೇ ಜನ ಜಾಸ್ತಿ ಎಡವೋದು. ಹಿಟ್ಟು ಹಾಕಿದ್ರೆ ಸುರಕ್ಷಿತ ಹೌದು, ಆದ್ರೆ ಬಾಯಲ್ಲಿ ಒಂದು ಅಂಟು ಉಳಿಯುತ್ತೆ, ಬರೀ ಹಳದಿ ಸಾಸಿನ ನುಣುಪು ಅದಕ್ಕೆ ಬರಲ್ಲ.

ಇಡೋ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು ಬೇಕು, ಹಾಲು ಮೊಟ್ಟೆ ಸಕ್ಕರೆ ಮೂರೂ ಇರೋದ್ರಿಂದ ಬ್ಯಾಕ್ಟೀರಿಯಾಗೂ ಇದು ಹಬ್ಬ. ಅಮೆರಿಕದ ಕೃಷಿ ಇಲಾಖೆ ಮೊಟ್ಟೆ ಅಡುಗೆಗೆ 71 ಡಿಗ್ರಿ ಸುರಕ್ಷಿತ ಅನ್ನುತ್ತೆ, ನಮ್ಮ ಸಾಸ್ 80 ದಾಟಿರುತ್ತೆ, ಆ ಚಿಂತೆ ಇಲ್ಲ. ಚಿಂತೆ ಇರೋದು ಆಮೇಲೆ ಅಡುಗೆಮನೆ ಕಟ್ಟೆ ಮೇಲೆ ಗಂಟೆಗಟ್ಟಲೆ ಉಗುರು ಬೆಚ್ಚಗೆ ಕೂತಿರೋ ಸಾಸಿಂದು. ಐಸ್ ನೀರಲ್ಲಿ ಕೈಯಾಡಿಸ್ತಾ ಬೇಗ ತಣ್ಣಗೆ ಮಾಡಿ ಫ್ರಿಜ್‌ಗೆ ಸೇರಿಸಿ, ಎರಡು ಮೂರು ದಿನದಲ್ಲಿ ಮುಗಿಸಿ. ಕೆನೆ ಕಟ್ಟದೇ ಇರೋಕೆ ಪ್ಲಾಸ್ಟಿಕ್ ಹಾಳೆನ ಸಾಸ್ ಮೇಲ್ಮೈಗೇ ಅಂಟೋ ಹಾಗೆ ಹೊದಿಸಿ. ಮತ್ತೆ ಬಿಸಿ ಬೇಕು ಅಂದ್ರೆ ಬಿಸಿ ನೀರಿನ ಮೇಲಿಟ್ಟು ಕುಡಿಯೋ ಬಿಸಿಗೆ ಬರಿಸಿ ಸಾಕು, ಮೈಕ್ರೋವೇವ್‌ನಲ್ಲಿ ಅಂಚು ಮೊದಲೇ 85 ದಾಟಿ ನಡುಭಾಗ ತಣ್ಣಗೇ ಇರುತ್ತೆ.

ಬಡಿಸೋದು ನಿಮ್ಮಿಷ್ಟ, ಬಿಸಿ ಆಪಲ್ ಪೈಗೆ ತಣ್ಣಗಿನ ಸಾಸ್, ತಣ್ಣನೆ ಹಣ್ಣಿಗೆ ಬೆಚ್ಚಗಿನ ಸಾಸ್ ಹೀಗೆ ಉಲ್ಟಾ ಇದ್ರೆ ಚೆನ್ನ. ರುಚಿ ಬದಲಾಯಿಸ್ಬೇಕು ಅಂದ್ರೆ ವೆನಿಲಾ ಹಾಕಿದ ಹಂತದಲ್ಲೇ ಜಜ್ಜಿದ ಕಾಫಿ ಬೀಜ, ಕಿತ್ತಳೆ ಸಿಪ್ಪೆ, ಚಕ್ಕೆ ಹಾಕಿ ನೆನೆಸ್ಬಹುದು. ಕಿತ್ತಳೆ ರಸ, ನಿಂಬೆ ರಸ ಮಾತ್ರ ಉರಿ ಮೇಲಿದ್ದಾಗ ಬೇಡ, ಹುಳಿ ಸೇರಿದ್ರೆ ಪ್ರೋಟೀನ್ ಇನ್ನೂ ಕಮ್ಮಿ ಶಾಖಕ್ಕೇ ಗಟ್ಟಿಯಾಗುತ್ತೆ. ಚಾಕೊಲೇಟ್ ಸಾಸ್ ಬೇಕಿದ್ರೆ ಸೋಸಿದ ಬಿಸಿ ಸಾಸಿಗೇ ಚೂರು ಮಾಡಿದ ಚಾಕೊಲೇಟ್ 80 ಗ್ರಾಂ ಹಾಕಿ ಕರಗಿಸಿ.

ಐಸ್‌ಕ್ರೀಂ ಮಾಡೋದಾದ್ರೆ ಸಕ್ಕರೆ 100 ಗ್ರಾಂಗಿಂತ ಕಮ್ಮಿ ಮಾಡ್ಬೇಡಿ, 120ರವರೆಗೂ ಹೋಗ್ಬಹುದು, ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗುತ್ತೆ, ಸಕ್ಕರೆ ಕಮ್ಮಿ ಆದ್ರೆ ಕಲ್ಲಿನ ಹಾಗೆ ಗಟ್ಟಿನೂ ಆಗುತ್ತೆ. ಸಾಸ್‌ನ ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು ಪೂರ್ತಿ ತಣ್ಣಗಾದ ಮೇಲೇ ಮಷೀನಿಗೆ ಹಾಕಿ, ಬೆಚ್ಚಗಿರೋವಾಗ ಹಾಕಿದ್ರೆ ಹೆಪ್ಪುಗಟ್ಟೋಕೆ ಜಾಸ್ತಿ ಹೊತ್ತು ಹಿಡಿದು ಐಸ್ ಹರಳು ದೊಡ್ಡದಾಗ್ತವೆ, ತಿನ್ನೋವಾಗ ಹಲ್ಲಿಗೆ ಕರಕರ ಅನ್ನುತ್ತೆ.